ಇನಿಷಿಯಲ್ ದೆಸೆಯಿಂದ ಕ್ರೆಡಿಟ್ ಕಾರ್ಡ್ ಕೆವೈಸಿ ನಿಂತಿದೆ: ಮೊದಲು ಆಧಾರ್ ಸರಿ ಮಾಡಿಸಲಾ, ಪ್ಯಾನ್ ಸರಿ ಮಾಡಿಸಲಾ?

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನನಗೆ 29. ಪೀಣ್ಯದಲ್ಲಿ ಕೆಲಸ, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ, ಊರು ತಿಪಟೂರು. ಸಾಲ ಅಂತ ಇದ್ದದ್ದು ಒಂದು ಬೈಕ್ ಲೋನ್, ಅದೂ ತೀರಿ ಎರಡು ವರ್ಷ ಆಯಿತು. ಕ್ರೆಡಿಟ್ ಸ್ಕೋರ್ 770ರ ಮೇಲಿದೆ. ಆದರೂ ಮೂರು ತಿಂಗಳಿಂದ ಒಂದು ಕ್ರೆಡಿಟ್ ಕಾರ್ಡ್ ಕೈಗೆ ಬಂದಿಲ್ಲ. ಸಂಬಳ ಸಾಕು ಅಂತ ಒಪ್ಪಿದವರು ನಾನು ನಾನೇ ಅಂತ ಒಪ್ಪುತ್ತಿಲ್ಲ.

ನಿಜವಾದ ಹೆಸರು ಇಲ್ಲಿ ಬೇಡ, ಟಿ. ಎಸ್. ಮಂಜುನಾಥ್ ಅಂತ ಇಟ್ಟುಕೊಳ್ಳಿ. ಟಿ ಅಂದರೆ ತಿಪಟೂರು, ಎಸ್ ಅಂದರೆ ಅಪ್ಪ ಶಿವಣ್ಣ. ಆಧಾರ್‌ನಲ್ಲಿ ಹೀಗೇ ಇದೆ, ಇನಿಷಿಯಲ್ ಸಮೇತ. ಪ್ಯಾನ್ ಮಾಡಿಸುವಾಗ ಇನಿಷಿಯಲ್ ಹಾಕಿದರೆ ಫಾರ್ಮ್ ತಗೊಳ್ಳಲ್ಲ ಅಂತ ಸೈಬರ್ ಸೆಂಟರ್ ಹುಡುಗ ಎಲ್ಲ ಬಿಡಿಸಿ 'ಮಂಜುನಾಥ ತಿಪಟೂರು ಶಿವಣ್ಣ' ಮಾಡಿದ. ಇಂಗ್ಲಿಷಿನಲ್ಲಿ ಮಂಜುನಾಥದ ಕೊನೆಗೆ ಅಲ್ಲಿ ಒಂದು 'ಎ' ಇದೆ, ಆಧಾರ್‌ನಲ್ಲಿ ಆ 'ಎ' ಇಲ್ಲ. ಹೀಗಾಗಿ ಬ್ಯಾಂಕಿನವರ ಲೆಕ್ಕದಲ್ಲಿ ನನ್ನ ಸರ್‌ನೇಮ್ ಶಿವಣ್ಣ. ಒಂದು ಆಪ್‌ನಿಂದ ಅಂತೂ 'ಡಿಯರ್ ತಿಪಟೂರು, ನಿಮಗೆ ಸಾಲ ಮಂಜೂರಾಗಿದೆ' ಅಂತ ಮೆಸೇಜ್ ಬರುತ್ತದೆ. ಊರಿಗೆಲ್ಲ ಸೇರಿಸಿ ಕೊಡುತ್ತಾರೇನೋ ಗೊತ್ತಿಲ್ಲ.

ಮೊದಲನೇ ಸಲ ವಿಡಿಯೋ ಕೆವೈಸಿ, ಅಂದರೆ ವಿಡಿಯೋ ಕಾಲಿನಲ್ಲೇ ಗುರುತು ಪರಿಶೀಲನೆ, ಆಫೀಸ್ ಲ್ಯಾಪ್‌ಟಾಪಿನಲ್ಲಿ ಮಾಡಿದೆ. ಲೊಕೇಶನ್ ಸಿಗುತ್ತಿಲ್ಲ ಅಂತ ಎರಡು ಸಲ ಹೇಳಿ ಕಾಲ್ ಕಟ್ ಆಯಿತು. ಎರಡನೇ ಸಲ ಮೊಬೈಲಿನಲ್ಲಿ, ಮನೆಯ ಟ್ಯೂಬ್‌ಲೈಟ್ ಕೆಳಗೆ ನಿಂತು. ಪ್ಯಾನ್ ಕಾರ್ಡ್ ಹಿಡಿದರೆ ಬೆಳಕು ಬಿದ್ದು ಅಕ್ಷರ ಕಾಣುತ್ತಿರಲಿಲ್ಲ. 'ಸರ್ ಸ್ವಲ್ಪ ಓರೆ ಮಾಡಿ, ಇನ್ನೂ ಸ್ವಲ್ಪ, ಹಾಂ, ಅಲ್ಲಾಡಿಸಬೇಡಿ' ಅಂತ ಬ್ಯಾಂಕಿನ ಕಡೆಯ ಆಯಮ್ಮ ಹೇಳಿದಂಗೆಲ್ಲ ಕೈ ತಿರುಗಿಸಿದೆ. ಕೊನೆಗೆ ಓದಿ, 'ಆಧಾರ್‌ನಲ್ಲಿ ಟಿ ಎಸ್ ಅಂತಿದೆ. ಸರ್, ಟಿ ಎಸ್ ಅಂದರೆ ಏನು?' ಅಂದರು. ಹೇಳಿದೆ. ಪಾಪ ಅವರಿಗೆ ಅರ್ಥ ಆಯಿತು, ಸಿಸ್ಟಮ್‌ಗೆ ಆಗಲಿಲ್ಲ. ಎರಡು ದಿನ ಬಿಟ್ಟು 'ನಿಮ್ಮ ಅರ್ಜಿಯನ್ನು ಮುಂದುವರಿಸಲು ಆಗುತ್ತಿಲ್ಲ' ಅಂತ ಒಂದು ಸಾಲು ಬಂತು. ಮೂರನೇ ಸಲ ಬೇರೆ ಬ್ಯಾಂಕ್. ಅಲ್ಲಿ ವಿಳಾಸದ ತಕರಾರು. ಆಧಾರ್‌ನಲ್ಲಿ ಊರಿನ ಮನೆ, ಇರೋದು ಇಲ್ಲಿ, ಬೆಸ್ಕಾಂ ಬಿಲ್ಲು ಓನರ್ ಹೆಸರಲ್ಲಿ.

ಈಗ ಮೊದಲು ಏನು ಸರಿ ಮಾಡಿಸಲಿ? ಬಾಡಿಗೆ ಕರಾರು ನಡೆಯುತ್ತಾ? ಸುಮ್ನೆ ಇನ್ನೊಂದು ಬ್ಯಾಂಕಿಗೆ ಹಾಕಿ ನೋಡಲಾ?

ಕೌಂಟರ್_ನಂ_4:

ತಮ್ಮಾ, ಇನ್ನೊಂದು ಬ್ಯಾಂಕಿಗೆ ಹಾಕಬೇಡ. ಮೊದಲು ಅದನ್ನ ನಿಲ್ಲಿಸು. ನೀನು ಅರ್ಜಿ ಹಾಕಿದಾಗೆಲ್ಲ ಆ ಬ್ಯಾಂಕ್ ನಿನ್ನ ಕ್ರೆಡಿಟ್ ರಿಪೋರ್ಟ್ ತೆಗೆಸುತ್ತದೆ, ಅದು ಎನ್‌ಕ್ವೈರಿ ಅಂತ ರಿಪೋರ್ಟಿನಲ್ಲೇ ಉಳಿಯುತ್ತದೆ. ಮೂರು ತಿಂಗಳಲ್ಲಿ ನಾಲ್ಕು ಐದು ಕಂಡರೆ ನೋಡುವವನು 'ಇವನಿಗೆ ದುಡ್ಡಿನ ತೊಂದರೆ ಇರಬೇಕು' ಅಂದುಕೊಳ್ಳುತ್ತಾನೆ. ಹೆಸರಿನ ತೊಂದರೆ ಅಂತ ಅದರಲ್ಲಿ ಬರೆದಿರುವುದಿಲ್ಲ.

ನಾನು ಬ್ಯಾಂಕಿನಲ್ಲಿ 34 ವರ್ಷ ಕೂತು ಎದ್ದವನು. ನಾವು ಸೇರಿದ ಕಾಲದಲ್ಲಿ ಖಾತೆ ತೆಗೆಯಬೇಕಾದರೆ ಹಳೆಯ ಗಿರಾಕಿ ಒಬ್ಬರು ಬಂದು 'ಇವನು ನಮ್ಮವನೇ' ಅಂತ ಸಹಿ ಹಾಕಿದರೆ ಮುಗೀತು. ಈಗ ಆ 'ನಮ್ಮವನೇ' ಅನ್ನೋದನ್ನ ಕಂಪ್ಯೂಟರ್ ಹೇಳಬೇಕು. ಅದು ನಿನ್ನ ಹೆಸರನ್ನು ಪ್ಯಾನ್ ದಾಖಲೆ, ಆಧಾರ್, ಕ್ರೆಡಿಟ್ ರಿಪೋರ್ಟ್ ಎಲ್ಲ ಕಡೆ ಇಟ್ಟು ಹೋಲಿಸುತ್ತದೆ. ಎಷ್ಟು ಹೊಂದಿದರೆ ಸಾಕು ಅನ್ನೋದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. 'ಟಿ' ಅಂದರೆ ತಿಪಟೂರು ಅಂತ ನಿಮ್ಮೂರ ಬಸ್ ಕಂಡಕ್ಟರಿಗೆ ಗೊತ್ತು, ಆ ಪ್ರೋಗ್ರಾಮ್ ಬರೆದವನಿಗೆ ಹೇಗೆ ಗೊತ್ತಾಗಬೇಕು? ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಅಂತ ಮೂರು ಡಬ್ಬ ಇಟ್ಟು ಫಾರ್ಮ್ ಮಾಡಿದವರ ತಲೆಯಲ್ಲಿ ನಮ್ಮ ಹಳೇ ಮೈಸೂರು ಕಡೆಯ ಹೆಸರು ಇರಲೇ ಇಲ್ಲ.

ವಿಡಿಯೋ ಕಾಲ್ ಚೆನ್ನಾಗಿ ಆಯಿತು, ಆಮೇಲೆ ರಿಜೆಕ್ಟ್ ಮಾಡಿದರು ಅಂತ ತುಂಬಾ ಜನ ಹೇಳುತ್ತಾರೆ. ಅದಕ್ಕೂ ಕಾರಣ ಇದೆ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಈ ವಿಡಿಯೋ ಪದ್ಧತಿಗೆ ಒಪ್ಪಿಗೆ ಕೊಟ್ಟಾಗಲೇ ಕಾಲ್ ಆದ ಮೇಲೆ ಇನ್ನೊಬ್ಬರು ಅದನ್ನು ಆಡಿಟ್ ಮಾಡಬೇಕು ಅಂತ ಇಟ್ಟಿದೆ. ನಿನ್ನ ಹತ್ತಿರ ಮಾತಾಡಿದ ಹುಡುಗಿ ಒಪ್ಪಿದರೂ ಹಿಂದೆ ಕೂತವರು ಒಪ್ಪಬೇಕು. ಅವರು ನಿನ್ನ ಮುಖ ನೋಡಿ ಮಾತಾಡಿರುವುದಿಲ್ಲ, ರೆಕಾರ್ಡಿಂಗು ಮತ್ತು ಅಕ್ಷರ ನೋಡುತ್ತಾರೆ ಅಷ್ಟೇ.

ಆ ಒಂದು ಸಾಲಿನ ಮೆಸೇಜ್ ಒಪ್ಪಿಕೊಂಡು ಸುಮ್ಮನಿರಬೇಡ. ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮದಲ್ಲೇ ಇದೆ. ಇಮೇಲ್ ಹಾಕಿ ಕೇಳು. 30 ದಿನ ಉತ್ತರ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು, ಖರ್ಚಿಲ್ಲ.

ಇನ್ನು ಯಾವುದು ಮೊದಲು ಅಂತ ಕೇಳಿದೆ. ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದು ನೋಡು, ಅದರಲ್ಲಿ ಆ 'ಎ' ಇದೆಯಾ? ಅದರಲ್ಲಿ ಇರುವ ಸ್ಪೆಲ್ಲಿಂಗೇ ಬೇರು, ಉಳಿದಿದ್ದೆಲ್ಲ ಅದಕ್ಕೆ ಹೊಂದಬೇಕು. ನನ್ನ ಕೇಳಿದರೆ ಆಧಾರ್ ಮೊದಲು. ಪ್ಯಾನ್‌ಗೆ ನೀನು ಇನಿಷಿಯಲ್ ತುರುಕೋಕೆ ಆಗಲ್ಲ, ಆಧಾರ್‌ನಲ್ಲಿ ಬಿಡಿಸಿ ಬರೆಸೋಕೆ ಆಗುತ್ತದೆ. ಆದರೆ ಹುಷಾರು, ಆಧಾರ್‌ನಲ್ಲಿ ಹೆಸರು ಬದಲಾಯಿಸೋಕೆ ಜೀವಮಾನದಲ್ಲಿ ಎರಡೇ ಅವಕಾಶ. ಅವಸರಕ್ಕೆ ಒಂದನ್ನು ಕಳೆಯಬೇಡ.

ಹಾಗೇ ಆಧಾರ್ ಮತ್ತು ಪ್ಯಾನ್ ಲಿಂಕ್ ಆಗಿದೆಯಾ ನೋಡಿಕೋ. 2023ರ ಜೂನ್ 30ಕ್ಕೆ ಗಡುವು ಮುಗಿದ ಮೇಲೆ ಲಿಂಕ್ ಇಲ್ಲದ ಎಷ್ಟೋ ಪ್ಯಾನ್ ಸತ್ತು ಮಲಗಿವೆ, ಸಾವಿರ ರೂಪಾಯಿ ಕಟ್ಟಿ ಎಬ್ಬಿಸಬೇಕು.

ಹುಬ್ಬಳ್ಳಿ_ಗಿರ್ಮಿಟ್:

ಕೌಂಟರ್ ಸರ್ ಹೇಳಿದ್ದೆಲ್ಲ ಸರಿ, ಆದರೆ ಆಧಾರ್ ಮೊದಲು ಅನ್ನೋದು ಎಲ್ಲರಿಗೂ ಹೊಂದಲ್ಲ ರೀ. ಆಧಾರ್‌ಗೆ ಎರಡೇ ಸಲದ ಲೆಕ್ಕ ಇರೋದರಿಂದ, ಸುಲಭವಾಗಿ ಬದಲಾಯಿಸಬಹುದಾದ ಪ್ಯಾನ್ ಮೊದಲು ಮುಟ್ಟಬೇಕು ಅಂತ ನನ್ನ ವಾದ. ಪ್ಯಾನ್ ತಿದ್ದುಪಡಿಗೆ ನೂರು ಚಿಲ್ಲರೆ ರೂಪಾಯಿ, ಮನೆಯಲ್ಲೇ ಕೂತು ಹಾಕಬಹುದು.

ನಮ್ಮ ಕಡೆ ಕಥೆ ಬೇರೆ. ಇನಿಷಿಯಲ್ ಕಾಟ ಇಲ್ಲ, ಅಡ್ಡಹೆಸರು ಇದೆ, ಅಪ್ಪನ ಹೆಸರು ನಡುವೆ ಇದೆ, ಮೂರೂ ಡಬ್ಬ ತುಂಬುತ್ತವೆ. ಕೇಳಿದರೆ ಚೆನ್ನಾಗಿದೆ ಅನ್ನಿಸುತ್ತೆ ಅಲ್ವಾ? ಆದರೆ ಸಾಲಿಯ ಮಾಸ್ತರು ಅಡ್ಡಹೆಸರು ಮೊದಲು ಬರೆದರು. ಮಾರ್ಕ್ಸ್ ಕಾರ್ಡಿನಲ್ಲಿ ಪಾಟೀಲ ಮುಂದೆ, ಪ್ಯಾನ್‌ನಲ್ಲಿ ಪಾಟೀಲ ಹಿಂದೆ, ಆಧಾರ್‌ನಲ್ಲಿ ಅಪ್ಪನ ಹೆಸರೇ ಇಲ್ಲ. ನನ್ನ ತಮ್ಮನಿಗೆ ಪಾಟೀಲದ ಕೊನೆಗೆ ಒಂದು 'ಎಲ್', ನನಗೆ ಎರಡು. ಒಂದೇ ತಾಯಿ ಮಕ್ಕಳು. ಗೌಡರದ್ದೂ ಇದೇ ಹಾಡು, ಒಬ್ಬರು 'ಡಬ್ಲ್ಯೂ' ಹಾಕುತ್ತಾರೆ, ಇನ್ನೊಬ್ಬರು 'ಯು' ಹಾಕುತ್ತಾರೆ. ಲಕ್ಷ್ಮಿ ಅಂತ ಹೆಸರಿದ್ದವರ ಪಾಡು ಅವರನ್ನೇ ಕೇಳಿ.

ನಾನು ಪ್ಯಾನ್ ತಿದ್ದಿಸಿದ್ದು ಆಧಾರ್ ಇ-ಕೆವೈಸಿ ಮೇಲೆ, ಅಂದರೆ ಆಧಾರ್ ದಾಖಲೆಯಿಂದ ನೇರವಾಗಿ ವಿವರ ತಗೊಳ್ಳೋದು, ಕಾಗದ ಕಳಿಸುವ ಗೋಜಿಲ್ಲ. ಆಧಾರ್‌ನಲ್ಲಿ ಇದ್ದ ಹೆಸರು ಹಾಗೇ ಪ್ಯಾನ್‌ಗೆ ಬಂತು.

ಕೌಂಟರ್_ನಂ_4:

ಗಿರ್ಮಿಟ್ ಅವರೇ, ನಿಮ್ಮ ಮಾತಿನಲ್ಲೇ ಉತ್ತರ ಇದೆ. ಆಧಾರ್‌ನಲ್ಲಿದ್ದದ್ದು ಹಾಗೇ ಬರುತ್ತದೆ ಅಂದಿರಿ. ಈ ಹುಡುಗನ ಆಧಾರ್‌ನಲ್ಲಿ ಇರೋದೇ ಇನಿಷಿಯಲ್, ಪ್ಯಾನ್‌ನವರು ಅದನ್ನು ತಗೊಳ್ಳಲ್ಲ. ಆ ದಾರಿ ಇವನಿಗೆ ಮುಚ್ಚಿದೆ.

ಹುಬ್ಬಳ್ಳಿ_ಗಿರ್ಮಿಟ್:

ಹೌದಲ್ಲ! ಅದು ಹೊಳೆಯಲೇ ಇಲ್ಲ ನೋಡಿ. ಸೋತೆ ಸರ್.

ಮೂರನೇ_ಮಹಡಿ:

ವಿಳಾಸದ ಬಗ್ಗೆ ನಾನು ಹೇಳುತ್ತೇನೆ. ಏಳು ವರ್ಷದಲ್ಲಿ ಬೆಂಗಳೂರಿನಲ್ಲಿ ಐದು ಮನೆ ಬದಲಾಯಿಸಿದ್ದೇನೆ, ಪ್ರತಿ ಸಲ ಹನ್ನೊಂದು ತಿಂಗಳ ಕರಾರು. ಆ ಕರಾರು ಹಿಡಿದುಕೊಂಡು ಎಷ್ಟು ಕಡೆ ಓಡಾಡಿದ್ದೇನೋ ಲೆಕ್ಕ ಇಲ್ಲ.

ಗುರುತಿಗೂ ವಿಳಾಸಕ್ಕೂ ರಿಸರ್ವ್ ಬ್ಯಾಂಕ್ ಒಪ್ಪುವ ದಾಖಲೆ ಕೆಲವೇ: ಪಾಸ್‌ಪೋರ್ಟ್, ಡಿಎಲ್, ವೋಟರ್ ಐಡಿ, ಆಧಾರ್, ನರೇಗಾ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ (ಎನ್‌ಪಿಆರ್) ಪತ್ರ. ಇದರಲ್ಲಿ ಈಗಿನ ವಿಳಾಸ ಇಲ್ಲದಿದ್ದರೆ ತಾತ್ಕಾಲಿಕವಾಗಿ ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಪೈಪ್ ಗ್ಯಾಸ್ ಬಿಲ್ಲು, ಫೋನ್ ಅಥವಾ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ಲು ಇವೆಲ್ಲ ನಡೆಯುತ್ತವೆ. ಆಮೇಲೆ ಮೂರು ತಿಂಗಳೊಳಗೆ ಹೊಸ ವಿಳಾಸ ಇರುವ ಮೂಲ ದಾಖಲೆ ಕೊಡಬೇಕು. ಆ ಪಟ್ಟಿಯಲ್ಲಿ ಮಾಮೂಲಿ ಬಾಡಿಗೆ ಕರಾರು ಇಲ್ಲ. ಕೆಲವು ಬ್ಯಾಂಕ್ ತಮ್ಮ ಧೈರ್ಯದ ಮೇಲೆ ತಗೊಳ್ಳುತ್ತವೆ, ಕೆಲವು ತಗೊಳ್ಳಲ್ಲ.

ಬಾಡಿಗೆಯವರ ಹತ್ತಿರ ಈ ಬಿಲ್ಲುಗಳಲ್ಲಿ ಯಾವುದು ಇರುತ್ತೆ ಹೇಳಿ? ಕರೆಂಟ್ ಓನರ್ ಹೆಸರಲ್ಲಿ, ನೀರು ಓನರ್ ಹೆಸರಲ್ಲಿ. ನಮ್ಮ ಹಳೇ ಮನೆಯ ಕರೆಂಟ್ ಬಿಲ್ಲಿನಲ್ಲಿ ಇದ್ದದ್ದು ಓನರ್ ಅತ್ತೆಯ ಹೆಸರು, ಅವರು ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಅವರ ಹೆಸರಲ್ಲಿ ಬಿಲ್ಲು ಬರುತ್ತೆ, ದುಡ್ಡು ಕಟ್ಟುವ ನನಗೆ ಪುರಾವೆ ಇಲ್ಲ. ಕೊನೆಗೆ ನಾನು ಪ್ರೀಪೇಯ್ಡ್ ಸಿಮ್ಮನ್ನು ಪೋಸ್ಟ್‌ಪೇಯ್ಡ್ ಮಾಡಿಸಿದೆ, ಬರೀ ವಿಳಾಸ ಇರುವ ಒಂದು ಬಿಲ್ಲಿಗೋಸ್ಕರ. ಪ್ರತಿ ತಿಂಗಳು ಜಾಸ್ತಿ ಕಟ್ಟುತ್ತೇನೆ, ಅದನ್ನ ವಿಳಾಸದ ಬಾಡಿಗೆ ಅಂತ ಕರೆಯುತ್ತೇನೆ.

ಆದರೆ ನಿಮಗೆ ಸುಲಭದ ದಾರಿ ಒಂದಿದೆ. ಆಧಾರ್ ಇ-ಕೆವೈಸಿಗೆ ಒಪ್ಪಿಕೊಂಡರೆ, ಈಗ ಇರುವ ವಿಳಾಸ ಬೇರೆ ಅಂತ ನೀವೇ ಬರೆದು ಕೊಟ್ಟರೆ ಸಾಕು ಅಂತ ನಿಯಮ ಇದೆ. ಶಾಖೆಯಲ್ಲಿ ಇದನ್ನ ಬಾಯಿ ಬಿಟ್ಟು ಕೇಳಬೇಕು, ತಾವಾಗಿ ಹೇಳಲ್ಲ. ಇಲ್ಲದಿದ್ದರೆ ಹೆಸರಿಗೆ ಆಧಾರ್ ಕೇಂದ್ರಕ್ಕೆ ಹೋದಾಗಲೇ ವಿಳಾಸವನ್ನೂ ಬದಲಾಯಿಸಿಬಿಡಿ, ವಿಳಾಸಕ್ಕೆ ಎರಡೇ ಸಲ ಅನ್ನುವ ಮಿತಿ ಇಲ್ಲ. ಅಲ್ಲಿ ರಿಜಿಸ್ಟರ್ ಮಾಡಿಸಿದ ಬಾಡಿಗೆ ಕರಾರು ನಡೆಯುತ್ತದೆ.

ಇನ್ನೊಂದು. ಮದುವೆ ಆದ ಮೇಲೆ ಹೆಸರು ಬದಲಾದವರು ಮ್ಯಾರೇಜ್ ಸರ್ಟಿಫಿಕೇಟ್ ಜೊತೆಗಿಟ್ಟರೆ ಹಳೇ ಹೆಸರಿನ ದಾಖಲೆಯೇ ನಡೆಯುತ್ತದೆ. ನಾನು ಬದಲಾಯಿಸಲಿಲ್ಲ. ಇದ್ದ ಐದು ವಿಳಾಸವೇ ಸಾಕು ಅನ್ನಿಸಿತು.

ಶಾರ್ಜಾ_ಸಜ್ಜಿಗೆ:

ತೆಂಗಿನತೋಟ ಅಣ್ಣ, ಆಫೀಸ್ ಲ್ಯಾಪ್‌ಟಾಪಿನಲ್ಲಿ ವಿಪಿಎನ್ (ಇಂಟರ್ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಇತ್ತಾ? ಇದ್ದರೆ ನಿಮ್ಮ ಮೊದಲನೇ ಕಾಲ್ ಯಾಕೆ ಬಿತ್ತು ಅಂತ ನಾನು ಹೇಳುತ್ತೇನೆ.

ನಾನು ಶಾರ್ಜಾದಿಂದ ಊರಿನ ಬ್ಯಾಂಕಿನ ಕಾರ್ಡಿಗೆ ವಿಡಿಯೋ ಕೆವೈಸಿ ಮಾಡಲು ಹೋದೆ. ವಿಡಿಯೋ ಮಾಡುವವರು ಭಾರತದ ಒಳಗೇ ಇರಬೇಕು, ಲೊಕೇಶನ್ ದಾಖಲಾಗಬೇಕು, ಹೊರದೇಶದ ಐಪಿ (ಇಂಟರ್ನೆಟ್ ವಿಳಾಸ) ಬಂದರೆ ತಡೆಯಬೇಕು ಅಂತ ನಿಯಮ. ಗೆಳೆಯ ಹೇಳಿದ ಅಂತ ವಿಪಿಎನ್ ಹಾಕಿ ಬೆಂಗಳೂರು ತೋರಿಸಿದೆ. ಆ ಕಡೆಯವರು ಶುರುವಿನಲ್ಲೇ 'ಸರ್ ಈಗ ಎಲ್ಲಿದ್ದೀರಿ' ಅಂದರು. ಮಂಗಳೂರು ಅಂದೆ. ಐಪಿ ಬೆಂಗಳೂರು ಅನ್ನುತ್ತೆ, ಫೋನಿನ ಜಿಪಿಎಸ್ ಶಾರ್ಜಾ ಅನ್ನುತ್ತೆ, ಬಾಯಿ ಮಂಗಳೂರು ಅನ್ನುತ್ತೆ. ಅಲ್ಲಿಗೆ ಮುಗೀತು. ಕೊನೆಗೆ ರಜೆಗೆ ಬಂದಾಗ ಮಂಗಳೂರಿನ ಶಾಖೆಗೇ ಹೋಗಿ ಮಾಡಿಸಿದೆ, ಅರ್ಧ ಗಂಟೆ ಕೆಲಸ. ಸುಳ್ಳು ಹೇಳಿದ್ದಕ್ಕೆ ಈಗಲೂ ನಾಚಿಕೆ ಇದೆ.

ನಿಮ್ಮ ಕಂಪನಿ ವಿಪಿಎನ್ ಬೇರೆ ದೇಶದ ಸರ್ವರ್ ಮೂಲಕ ಹೋಗುತ್ತಿದ್ದರೆ, ಪೀಣ್ಯದಲ್ಲಿ ಕೂತೂ ನೀವು ನನ್ನ ಹಾಗೇ ಪರದೇಶಿ.

ಮಲ್ಲಿಗೆ_ಮೊಳ:

ನಮ್ಮಮ್ಮನದು ಇನ್ನೊಂದು ಥರ. ಎಫ್‌ಡಿ ಮೇಲೆ ಕೊಡುವ ಕಾರ್ಡ್ ಮಾಡಿಸೋಣ ಅಂತ ಕೂತೆವು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತ ಆಪ್ ಹೇಳಿತು. ಅಮ್ಮನಿಗೆ ಪೊರೆ ಆಪರೇಷನ್ ಆಗಿ ಹದಿನೈದು ದಿನ, ಒಂದು ಕಣ್ಣಿಗೆ ಹಸಿರು ಶೇಡ್. 'ಎಷ್ಟು ಸಲ ಮಿಟುಕಿಸಲೇ, ಅದಕ್ಕೆ ಕಾಣಲ್ವಾ' ಅಂತ ಫೋನಿಗೇ ಬೈದರು. ಆಮೇಲೆ ಬಂದ ಏಜೆಂಟ್‌ಗೆ ಕನ್ನಡ ಬರಲ್ಲ, ಅಮ್ಮನಿಗೆ ಹಿಂದಿ ಬರಲ್ಲ. ನಾನು ಪಕ್ಕದಿಂದ ಹೇಳಿಕೊಟ್ಟಿದ್ದಕ್ಕೆ 'ಬೇರೆಯವರ ದನಿ ಬರುತ್ತಿದೆ' ಅಂತ ಕಾಲ್ ಕಟ್. ಕನ್ನಡದವರನ್ನ ಕೊಡಿ ಅಂತ ಸ್ಲಾಟ್ ಬದಲಾಯಿಸಿ ಕೇಳಿದ ಮೇಲೆ ಆಯಿತು.

ಕಣ್ಣು ಮಿಟುಕಿಸೋದರ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ, ಆಸಿಡ್ ದಾಳಿಗೆ ಸಿಕ್ಕವರು ಮತ್ತು ಕಣ್ಣು ಕಾಣದವರು ಹಾಕಿದ ಕೇಸಿನಲ್ಲಿ. ಡಿಜಿಟಲ್ ಕೆವೈಸಿ ಎಲ್ಲರಿಗೂ ಆಗುವ ಹಾಗಿರಬೇಕು, ಕಣ್ಣು ಮಿಟುಕಿಸೋದು ಬಿಟ್ಟು ಬೇರೆ ದಾರಿಯೂ ಇಡಬೇಕು ಅಂತ. ಗೊತ್ತಿದ್ದರೆ ಶಾಖೆಯಲ್ಲಿ ವಾದ ಮಾಡೋಕೆ ಬರುತ್ತೆ.

ಮತ್ತೆ ಒಂದು ಎಚ್ಚರಿಕೆ. ಅರ್ಜಿ ಅರ್ಧಕ್ಕೆ ನಿಂತ ವಾರದಲ್ಲೇ 'ನಿಮ್ಮ ಕೆವೈಸಿ ಮುಗಿಸಿಕೊಡುತ್ತೇವೆ, ಈ ಆಪ್ ಹಾಕಿಕೊಳ್ಳಿ' ಅಂತ ಒಬ್ಬ ಫೋನ್ ಮಾಡಿದ. ನೀವೂ ಈಗ ಅದೇ ಹಂತದಲ್ಲಿದ್ದೀರಿ, ಒಟಿಪಿ ಯಾರಿಗೂ ಹೇಳಬೇಡಿ. ಅಕಸ್ಮಾತ್ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತೆಂಗಿನತೋಟ:

ಐದು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ವಿಪಿಎನ್ ಇತ್ತು. ಸಜ್ಜಿಗೆಯವರಿಗೆ ಒಂದು ಎಳನೀರು ಬಾಕಿ. ಪ್ಯಾನ್ ಲಿಂಕ್ ಆಗಿದೆ, ಅದೊಂದು ಪುಣ್ಯ. ಮಾರ್ಕ್ಸ್ ಕಾರ್ಡ್ ಊರಿಂದ ತರಿಸಿ ನೋಡಿದೆ, ಅದರಲ್ಲಿ ಆ 'ಎ' ಇದೆ. ಅಂದರೆ ಇಷ್ಟು ದಿನ ನಾನು ಬೈದುಕೊಂಡ ಸೈಬರ್ ಹುಡುಗನೇ ಸರಿ ಬರೆದಿದ್ದ, ಆಧಾರ್ ತಪ್ಪು.

ಆಧಾರ್ ಕೇಂದ್ರಕ್ಕೆ ಹೋದೆ, ಹೆಸರು ವಿಳಾಸ ಎರಡೂ ಒಟ್ಟಿಗೆ ಕೊಟ್ಟೆ, 75 ರೂಪಾಯಿ. ಅಲ್ಲಿ ಒಂದು ವಿಷಯ, ಮುಂದೆ ಹೋಗುವವರು ನೆನಪಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡದ ಸಾಲು ತಾನಾಗೇ ಬರುತ್ತದೆ. ಪರದೆ ನನ್ನ ಕಡೆ ತಿರುಗಿಸಿದಾಗ ನೋಡುತ್ತೇನೆ, 'ಮಂಜುನಾತಾ ಟಿಪ್ತುರ್ ಶಿವಾನ್ನ' ಅಂತ ಬಂದಿದೆ. ಶಿವ ಅನ್ನ ತಿನ್ನುತ್ತಿದ್ದಾನೆ. ಆಪರೇಟರ್ ಆಗಲೇ ಮೌಸ್ ಒತ್ತುವುದರಲ್ಲಿದ್ದ. 'ಅಣ್ಣ, ಒಂದು ನಿಮಿಷ' ಅಂತ ಹೇಳಿ ಒಂದೊಂದೇ ಅಕ್ಷರ ಸರಿ ಮಾಡಿಸಿದೆ. ಹಿಂದೆ ಕ್ಯೂನಲ್ಲಿದ್ದ ಅಜ್ಜಿಯೊಬ್ಬರು 'ಹೆಸರಿನ ವಿಷಯ, ನಿಧಾನಕ್ಕೆ ಮಾಡಿಸ್ಕೊಳಪ್ಪ' ಅಂದರು. ಇಲ್ಲದಿದ್ದರೆ ಎರಡು ಅವಕಾಶದಲ್ಲಿ ಒಂದು ಅಲ್ಲೇ ನೀರು ಪಾಲು.

ಕ್ರೆಡಿಟ್ ರಿಪೋರ್ಟನ್ನೂ ತೆಗೆದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಈ ರಿಪೋರ್ಟ್ ಮಾಡುವ ನಾಲ್ಕು ಕಂಪನಿಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕಂತೆ, ಗೊತ್ತೇ ಇರಲಿಲ್ಲ. ಬೈಕ್ ಲೋನಿನಲ್ಲಿ ನಾನು 'ಮಂಜುನಾಥ್ ಎಸ್' ಆಗಿದ್ದೆ, ಮೂರನೇ ಅವತಾರ. ತಿದ್ದಲು ಆನ್‌ಲೈನಲ್ಲಿ ದೂರು ಹಾಕಿದೆ, ಮೂರು ವಾರದಲ್ಲಿ ಆಯಿತು. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಅವರು ನನಗೆ ಕೊಡಬೇಕಿತ್ತು. ಗಡುವು ದಾಟಿ ಎರಡು ದಿನ ತಡ ಮಾಡಲಿ ಅಂತ ಆಸೆ ಇತ್ತು, ಆಗಲಿಲ್ಲ.

ಆಮೇಲೆ ಸಂಬಳದ ಖಾತೆ ಇರುವ ಶಾಖೆಗೇ ಹೋದೆ, ವಿಡಿಯೋ ಗೀಡಿಯೋ ಬೇಡ ಅಂತ. ಮೇಡಂ ಮೂಲ ದಾಖಲೆ ನೋಡಿದರು, ಬೆರಳು ಇಡಿಸಿಕೊಂಡರು, ಒಂಬತ್ತನೇ ದಿನಕ್ಕೆ ಕಾರ್ಡ್ ಬಂತು.

ನಿನ್ನೆ ಕೊರಿಯರ್ ಹುಡುಗ ಬಾಗಿಲಿಗೆ ಬಂದ. ಅರ್ಜಿಯಲ್ಲಿ ಕಾರ್ಡಿನ ಮೇಲೆ ಬರುವ ಹೆಸರು 19 ಅಕ್ಷರ ದಾಟಬಾರದು ಅಂತಿತ್ತು, ಇಂಗ್ಲಿಷಿನಲ್ಲಿ ನನ್ನ ಪೂರ್ತಿ ಹೆಸರು ಹಿಡಿಯಲ್ಲ, ಅದಕ್ಕೆ ಮೇಡಂ 'ಮಂಜುನಾಥ ಟಿ ಎಸ್' ಅಂತ ಹಾಕಿದ್ದರು. ಲಕೋಟೆ ಮೇಲೂ ಅದೇ ಹೆಸರು. ಹುಡುಗ ಐಡಿ ಕೇಳಿದ, ಹೊಸ ಆಧಾರ್ ಕೊಟ್ಟೆ. ಲಕೋಟೆ ನೋಡಿದ, ಆಧಾರ್ ನೋಡಿದ, ಮತ್ತೆ ಲಕೋಟೆ ನೋಡಿದ.

'ಸರ್, ಟಿ ಎಸ್ ಅಂದರೆ ಏನು?'